ನೆಟ್ಟ ಬೆರಳು

"ಟೋಪಿ ಇಲ್ಲೇ ಇದೆಯಲ್ಲಾ, ಇವರೆಲ್ಲಿ?" ಎಂದು ಮಗಳು ಯಾರನ್ನೂ ಕೇಳದೆ ಕೇಳಿದಳು. ಹಾಯಿದೋಣಿ ವಾಲಿದ ರಭಸಕ್ಕೆ ಅವಳು ಹಗ್ಗದ ಸುರುಳಿಯ ಮೇಲೆ ಬಿದ್ದಿದ್ದಳು. ಫೋಟೋಗೆಂದು ಎದ್ದು ನಿಂತಿದ್ದ ಗಂಡ ಅಲ್ಲಿರಲಿಲ್ಲ. ಗಾಳಿ ದಿಕ್ಕು ಬದಲಿಸಿದ ಕ್ಷಣದಲ್ಲಿ ಹಾಯಿಯ ಬುಡದ ಅಡ್ಡಮರ ಬೀಸಿ ಬಂದು ಅವನನ್ನು ನೀರಿಗೆ ಎಸೆದಿತ್ತು.

ಅವಳ ತಾಯಿ ಆಗಲೇ ಎದ್ದು ನಿಂತಿದ್ದರು. ಒಂದು ಕೈ ಹಾಯಿಕಂಬವನ್ನು ತಬ್ಬಿತ್ತು, ಇನ್ನೊಂದು ಕೈಯ ಬೆರಳು ಸಮುದ್ರದ ಕಡೆ ನೆಟ್ಟಿತ್ತು. "ಬಿದ್ದರು. ನೋಡ್ತಾ ಇದೀನಿ," ಎಂದರು.

ಬೆಳಿಗ್ಗೆ ಹೊರಡುವಾಗ ದೋಣಿ ನಡೆಸುವ ಹೆಂಗಸು ಹೇಳಿದ್ದಳು: "ಯಾರಾದ್ರೂ ಬಿದ್ರೆ ಒಬ್ಬರು ಬೆರಳು ಮಾಡಿ ತೋರಿಸ್ತಾನೇ ಇರಬೇಕು. ಅಲೆ ಮಧ್ಯೆ ತಲೆ ಒಂದು ಸಲ ತಪ್ಪಿದ್ರೆ ಮತ್ತೆ ಸಿಗಲ್ಲ. ನಾನು ಹೇಳೋವರೆಗೂ ಕೈ ಇಳಿಸಬಾರದು." ದೇವಸ್ಥಾನದಲ್ಲಿ ಪುರಾಣದ ಪದ್ಯ ಓದುವಾಗ ಕೂತು ಕೇಳಿ ಅಭ್ಯಾಸವಾದ ತಾಯಿ ಮೈಯೆಲ್ಲ ಕಿವಿಯಾಗಿ ಕೇಳಿದ್ದರು. "ಅತ್ತೆ ಪುರಾಣ ಕೇಳೋ ಹಾಗೆ ಕೇಳ್ತಿದಾರೆ. ಕ್ಯಾಪ್ಟನ್ನಮ್ಮ, ಕೊನೇಲಿ ಪರೀಕ್ಷೆ ಇದೆಯಾ?" ಎಂದು ಅಳಿಯ ನಕ್ಕಿದ್ದ. ಕ್ಯಾಪ್ಟನ್ನಮ್ಮ ಆ ಕಡೆ ತಿರುಗಿದ್ದೇ ತಡ, ಹೊಟ್ಟೆ ಬಿಗಿಯುತ್ತದೆಂದು ತನ್ನ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟಿನ ಬಕಲ್ ಬಿಚ್ಚಿಕೊಂಡಿದ್ದ. ಅತ್ತೆ ನೋಡಿದ್ದರು. ಅಳಿಯನಿಗೆ ಹೇಗೆ ಹೇಳುವುದೆಂದು ಸುಮ್ಮನಿದ್ದರು. ಎಂಟು ವರ್ಷದಲ್ಲಿ ಅವನ ಒಂದು ಮಾತಿಗೂ ಅವರು ಅಲ್ಲ ಎಂದವರಲ್ಲ.

ದೋಣಿಗೆ ಯಂತ್ರವಿರಲಿಲ್ಲ. ಗಾಳಿ ಹಿಡಿದು ದೊಡ್ಡ ಸುತ್ತು ಹಾಕಿಯೇ ಹಿಂದಕ್ಕೆ ಬರಬೇಕು. ಕ್ಯಾಪ್ಟನ್ನಮ್ಮ ಚುಕ್ಕಾಣಿಗೆ ಮೈಯಾನಿಸಿ ದೋಣಿಯನ್ನು ಹೊರಳಿಸಿದಳು. ದೋಣಿ ತಿರುಗಿದಷ್ಟೂ ತಾಯಿ ಕಂಬದ ಸುತ್ತ ಹೆಜ್ಜೆ ಬದಲಿಸುತ್ತಾ ತಿರುಗಿದರು. ಬೆರಳು ಮಾತ್ರ ಅಲ್ಲೇ. ಉಪ್ಪುನೀರು ಕಣ್ಣಿಗೆ ಹೊಡೆದರೂ ಒರೆಸಿಕೊಳ್ಳಲಿಲ್ಲ. ತುಟಿ ತಾನಾಗಿಯೇ ಯಾವುದೋ ಪದ್ಯ ಹಿಡಿದಿತ್ತು. ಎರಡು ಸಾಲು ಮುಗಿಯುವಷ್ಟರಲ್ಲಿ ಅಲೆ ಏರುತ್ತಿತ್ತು, ತಲೆ ಕಾಣುತ್ತಿತ್ತು. ಮತ್ತೆರಡು ಸಾಲು, ಮತ್ತೆ ತಲೆ.

ಮತ್ತೆರಡು ಸಾಲು. ತಲೆ ಬರಲಿಲ್ಲ.

"ಅಗೋ! ಅಲ್ಲಿ!" ಮಗಳು ಕಿರುಚಿದಳು. ಬಲಕ್ಕೆ, ಬಹಳ ದೂರದಲ್ಲಿ, ಕಿತ್ತಳೆ ಬಣ್ಣ ಅಲೆಯ ಮೇಲೆ ಕುಣಿಯುತ್ತಿತ್ತು. ತಾಯಿಯ ಬೆರಳು ಎಡಕ್ಕಿತ್ತು. ಅಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ.

"ಅಮ್ಮಾ, ನಿಂಗೆ ಕಣ್ಣು ಕಾಣಲ್ಲ! ಕ್ಯಾಪ್ಟನ್, ಆ ಕಡೆ ಹೋಗಿ!"

ಕ್ಯಾಪ್ಟನ್ನಮ್ಮನ ಕೈ ಚುಕ್ಕಾಣಿಯ ಮೇಲೆ ತಡೆಯಿತು. ಒಂದು ಕಡೆ ಹೋದರೆ ಇನ್ನೊಂದು ಕಡೆಗೆ ಮತ್ತೆ ಸುತ್ತು ಹಾಕಬೇಕು. ಅಷ್ಟು ಹೊತ್ತು ನೀರು ಯಾರನ್ನೂ ಕಾಯುವುದಿಲ್ಲ. "ಅಮ್ಮಾ, ನಿಜ ಹೇಳಿ. ಎಲ್ಲಿ?"

"ಅದು ಬರೀ ಜಾಕೆಟ್ಟು," ತಾಯಿ ತಲೆ ತಿರುಗಿಸದೆ ಹೇಳಿದರು. "ಬಕಲ್ ಹಾಕಿರಲಿಲ್ಲ. ನಾನು ಬೆಳಿಗ್ಗೆನೇ ನೋಡಿದೆ. ಹೇಳಲಿಲ್ಲ."

ಹಗುರವಾದದ್ದನ್ನು ಗಾಳಿ ಬೇಗ ಒಯ್ಯುತ್ತದೆಂದು ಕ್ಯಾಪ್ಟನ್ನಮ್ಮನಿಗೆ ಗೊತ್ತಿತ್ತು. ಅವಳು ದೋಣಿಯನ್ನು ಬೆರಳಿನ ಕಡೆಗೆ ತಿರುಗಿಸಿದಳು. ಮಗಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ನೀರು, ನೀರು, ಮತ್ತೆ ನೀರು. ಆಮೇಲೆ ಅಲೆಯೊಂದರ ಬೆನ್ನ ಮೇಲೆ ಕೈಗಡಿಯಾರ ಕಟ್ಟಿದ ಮಣಿಕಟ್ಟು. ಕ್ಯಾಪ್ಟನ್ನಮ್ಮ ಹಾಯಿಯ ಹಗ್ಗ ಸಡಿಲ ಬಿಟ್ಟು ಬಾಗಿ, ಅಂಗಿಯ ಕಾಲರಿಗೆ ಕೈ ಹಾಕಿದಳು. ಮಗಳು ತೋಳು ಹಿಡಿದಳು. ಇಬ್ಬರೂ ಸೇರಿ ಎಳೆದು ಹಲಗೆಯ ಮೇಲೆ ಕೆಡವಿದರು.

ಕ್ಯಾಪ್ಟನ್ನಮ್ಮ ಮಂಡಿಯೂರಿ ಎದೆ ಒತ್ತಿದಳು. ಒತ್ತಿದಳು. ಒತ್ತಿದಳು. ಅವನು ಮಗ್ಗುಲಿಗೆ ಹೊರಳಿ ನೀರು ಕಾರಿದ, ಕೆಮ್ಮಿದ, ಉಸಿರೆಳೆದ. ಮಗಳು ಅವನ ಕಾಲ ಮೇಲೆ ಬಿದ್ದು ಅತ್ತಳು. ಕ್ಯಾಪ್ಟನ್ನಮ್ಮ ಸಡಿಲ ಬಿಟ್ಟಿದ್ದ ಹಗ್ಗ ಎಳೆದುಕೊಳ್ಳುತ್ತಾ ಚುಕ್ಕಾಣಿಯತ್ತ ಓಡಿದಳು.

ಅಳಿಯ ಕಣ್ಣು ತೆರೆದಾಗ ಮೊದಲು ಕಂಡದ್ದು ಆ ಬೆರಳು. ಅದು ಈಗ ಅವನ ಎದೆಗೇ ನೆಟ್ಟಿತ್ತು, ಬಕಲ್ ಇರಬೇಕಾಗಿದ್ದ ಜಾಗಕ್ಕೆ. ತೋಳು ಒಂದಿಷ್ಟೂ ತಗ್ಗಿರಲಿಲ್ಲ.

"ಅತ್ತೇ..." ಅವನು ಮೊಣಕೈಯೂರಿ ಏಳಲು ನೋಡಿದ. "ಸಾಕು. ಕೈ ಇಳಿಸಿ."

"ಇಳಿಸಲ್ಲ," ಎಂದರು ಅತ್ತೆ. "ಕ್ಯಾಪ್ಟನ್ನಮ್ಮ ಇನ್ನೂ ಹೇಳಿಲ್ಲ."