ಕೇಳಲು ಬಂದವರು

ರಾಮ್‌ಪ್ರಸಾದರು ತೀರಿಕೊಂಡ ಸುದ್ದಿ ಗಾಜುವಾಕದ ಮನೆಗೆ ಬಂದ ದಿನ ಅಶೋಕರಾಯರು ಜ್ವರದಲ್ಲಿ ಮಲಗಿದ್ದರು. ರಾಮ್‌ಪ್ರಸಾದರು ವಿಜಯವಾಡದಲ್ಲಿರುವ ತಂಗಿ ಸುಮಿತ್ರಾಳ ಗಂಡ. ತೆಲುಗು ಮನೆತನದವರಾದರೂ ರಾಯರನ್ನು ಒಡಹುಟ್ಟಿದ ಅಣ್ಣನಂತೆ ಕಂಡವರು. ರಾಯರು ಮಲಗಿದಲ್ಲೇ ರಾಮನಾಮ ಹೇಳಿಕೊಂಡರೇ ಹೊರತು ರೈಲು ಹತ್ತುವ ತ್ರಾಣ ಇರಲಿಲ್ಲ. ಮರುದಿನ ಸೋದರಳಿಯ ಫಣಿ ನೆಂಟರಿಗೆಲ್ಲ ಒಂದು ಆಡಿಯೋ ಕಳಿಸಿದ. ಹೇಗಾಯಿತೆಂದು ಎಲ್ಲರೂ ಕೇಳುತ್ತಾರೆ, ಹೇಳಿ ಹೇಳಿ ಅಮ್ಮನಿಗೆ ಆಯಾಸ, ಅವಳ ಬಾಯಿಂದಲೇ ಹೇಳಿಸಿ ರೆಕಾರ್ಡ್ ಮಾಡಿದ್ದೇನೆ, ದಯವಿಟ್ಟು ಇದನ್ನೇ ಕೇಳಿಕೊಳ್ಳಿ ಎಂದು ಜೊತೆಗೆ ಬರೆದಿದ್ದ. ರಾಯರು ಒತ್ತಿದರು. ತಂಗಿ ತೆಲುಗಿನಲ್ಲಿ, ಅರ್ಜಿ ಓದಿ ಒಪ್ಪಿಸುವವಳ ಹಾಗೆ ಶುರುಮಾಡಿದಳು. ಎರಡು ಮಾತಿಗೇ ನಿಲ್ಲಿಸಿಬಿಟ್ಟರು. ಅವಳ ದುಃಖವನ್ನು ಹಾಸಿಗೆಗೆ ಒರಗಿ ಕೇಳುವುದು ಅವರಿಂದಾಗಲಿಲ್ಲ.

ಜ್ವರ ಇಳಿದೊಡನೆ ವಿಜಯವಾಡಕ್ಕೆ ಹೊರಟರು. ಬಾಗಿಲಲ್ಲೇ ಫಣಿ ತಡೆದು ಮೆಲ್ಲಗೆ ಹೇಳಿದ: "ಮಾವಯ್ಯಾ, ಅಮ್ಮನ್ನ ಏನೂ ಕೇಳಬೇಡಿ. ಅಳೋದಿಲ್ಲ, ತಿನ್ನೋದಿಲ್ಲ, ಕಣ್ಣು ಮುಚ್ಚೋದಿಲ್ಲ. ಎಲ್ಲಾ ಆಡಿಯೋದಲ್ಲಿ ಇದೆಯಲ್ಲ." ಅಷ್ಟರಲ್ಲಿ ಯಾವುದೋ ಕರೆ ಬಂದು ವರಾಂಡಕ್ಕೆ ಹೋದ. ಒಳಗೆ ಸುಮಿತ್ರಾಳ ಎದುರು ಇಬ್ಬರು ಹೆಂಗಸರು ಕೂತಿದ್ದರು. "ಆಡಿಯೋ ಕೇಳಿದೆವಮ್ಮಾ, ಪಾಪ," ಎಂದವರು ಆಮೇಲೆ ಮಡಿಲಿನ ಫೋನುಗಳನ್ನೇ ನೋಡುತ್ತಿದ್ದು, ಹೇಳದೆ ಕೇಳದೆ ಎದ್ದು ಹೋದರು. ಸಾವಿನ ಮನೆಯಲ್ಲಿ ಹೋಗಿ ಬರುತ್ತೇವೆ ಎನ್ನುವಂತಿಲ್ಲ. ಸುಮಿತ್ರಾ ತನ್ನ ಮನೆಗೆ ತಾನೇ ನೆಂಟಳಾಗಿ ಬಂದವಳ ಹಾಗೆ ಗೋಡೆಗೆ ಒರಗಿದ್ದಳು.

ರಾಯರು ಮೊಣಕಾಲು ಹಿಡಿದುಕೊಂಡು ನೆಲದ ಮೇಲೆ ಅವಳ ಎದುರಿಗೇ ಕೂತರು.

"ಹೆಂಗಾತು, ಸುಮಿ?"

ಅವಳು ತಲೆ ಎತ್ತಿದಳು. "ಫಣಿ ಕಳಿಸಿಲ್ಲೇನು?"

"ಕಳಿಸ್ಯಾನ. ನಾ ಕೇಳಿಲ್ಲ. ಸಣ್ಣಾಕಿದ್ದಾಗ ಇರಿವಿ ಕಚ್ಚಿದ್ರ ಓಣಿ ತುಂಬ ಹೇಳಿಕೋತ ಬರ್ತಿದ್ದಿ. ಈಗ ಮಷೀನಿಗೆ ಹೇಳಿ ಮುಗಿಸಿದೇನು?"

ಅವಳ ತುಟಿ ಸ್ವಲ್ಪ ಅಲುಗಿತು. ಎಷ್ಟೋ ದಿನಗಳ ಮೇಲೆ ತವರಿನ ಕನ್ನಡದಲ್ಲಿ ಮಾತಾಡತೊಡಗಿದಳು. "ಕಾಫಿ ಕುಡದ್ರು. ಬಿಸಿ ಸಾಲದು ಅಂತ ಬೈದ್ರು. ಪೇಪರ್ ತೊಗೊಂಡು ಮಂಚದ ಮ್ಯಾಲೆ ಕೂತ್ರು. ಎದಿ ಉರೀಲಿಕತ್ತದ ಅಂದ್ರು..."

ರಾಯರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಸುಮಿತ್ರಾ ಥಟ್ಟನೆ ಮಾತು ನಿಲ್ಲಿಸಿ ಸೆರಗು ಸರಿಮಾಡಿಕೊಂಡಳು. ಬಂದವರೆಲ್ಲ ಸೇರಿ ಆ ರೂಢಿಯನ್ನು ಅವಳಿಗೆ ಕಲಿಸಿದ್ದರು. ರಾಯರು ಫೋನು ತೆಗೆದು, ಯಾರದೆಂದೂ ನೋಡದೆ ಆರಿಸಿ, ಚೀಲದ ತಳಕ್ಕೆ ತುರುಕಿದರು.

"ಯಾರದಂತ ನೋಡಣ್ಣ. ಮನಿಯಿಂದ ಇರಬೇಕು."

"ಇರಲಿ. ಎದಿ ಉರೀಲಿಕತ್ತದ ಅಂದ್ರು. ಮುಂದ?"

ಅವಳು ವರಾಂಡದ ಕಡೆ ಒಮ್ಮೆ ನೋಡಿದಳು. ಫಣಿ ಬೆನ್ನು ತಿರುಗಿಸಿಕೊಂಡು ಯಾರಿಗೋ ತೆಲುಗಿನಲ್ಲಿ ಕರ್ಮದ ದಿನ ತಿಳಿಸುತ್ತಿದ್ದ. ಅವಳ ದನಿ ಇಳಿಯಿತು.

"ಫೋನ್ ಮಾಡಿದೆ, ಅಷ್ಟರಾಗ ಹೋಗಿಬಿಟ್ಟಿದ್ರು ಅಂತ ಎಲ್ಲಾರಿಗೂ ಹೇಳೇನಿ. ಅಷ್ಟೇ ಅಲ್ಲಣ್ಣ. ನನ್ನ ಕೈ ಹಿಡದ್ರು. ಗಟ್ಟಿ ಹಿಡದ್ರು. ಫೋನು ಪಡಸಾಲ್ಯಾಗ ಚಾರ್ಜಿಗೆ ಇತ್ತು. ಅವರ ಬೆರಳು ಒಂದೊಂದ ಬಿಡಿಸಿಕೊಂಡು ಹೋಗಿ ಫಣಿಗೆ ಹಚ್ಚಿದೆ. ಅಂಬುಲೆನ್ಸಿಗೆ ಇನ್ನೊಂದು ಫೋನಿನಿಂದ ಹೇಳ್ತೀನಿ, ನೀ ಮಾತ್ರ ಕಟ್ ಮಾಡಬ್ಯಾಡ ಅಂದ. ವೈರು ತೆಗೆದ್ರ ಫೋನು ಆರಿ ಹೋಗ್ತಿತ್ತು. ಹಂಗ ಗ್ವಾಡಿ ಹಂತೇಕ ನಿಂತೆ. ಒಳಗ ಇವರು ನನ್ನ ಕರೀಲಿಕತ್ತಿದ್ರು. ಬಂದೆ ಅಂದೆ. ಮತ್ತ ಕರದ್ರು. ಬಂದೆ, ಬಂದೆ ಅಂದೆ. ಆಮ್ಯಾಲೆ ಕರೀಲಿಲ್ಲ."

ರಾಯರು ಅವಳ ಹತ್ತಿರಕ್ಕೆ ಇನ್ನಷ್ಟು ಸರಿದರು.

"ಫೋನ್ ಮಾಡಬಾರದಿತ್ತೇನಣ್ಣ?"

"ಮಾಡಬೇಕಾಗಿತ್ತವಾ. ಯಾರಿದ್ರೂ ಅದನ್ನ ಮಾಡ್ತಿದ್ರು."

"ಗೊತ್ತದ. ಆದ್ರ ನಾ ಬಂದು ನೋಡಿದಾಗ ಅವರ ಕೈ ಹಂಗ ತೆರಕೊಂಡ ಇತ್ತು." ಅವಳು ಮತ್ತೆ ವರಾಂಡದ ಕಡೆ ನೋಡಿದಳು. "ಫಣಿಗೆ ಹೇಳಬ್ಯಾಡ. ಒಳ್ಳೇದಾಗಲಿ ಅಂತ ಹೇಳಿದ ಕೂಸು ಅದು."

ಆಮೇಲೆ ಅವಳು ಅತ್ತಳು. ಸೆರಗು ಬಾಯಿಗೆ ಒತ್ತಿಕೊಂಡು, ಮೈಯೆಲ್ಲ ಅಲುಗುವಂತೆ, ಬಹಳ ಹೊತ್ತು ಅತ್ತಳು. ರಾಯರು ಅವಳ ಎದುರಿನಿಂದ ಏಳಲಿಲ್ಲ. ಅತ್ತು ಅತ್ತು ಅಲ್ಲೇ ಚಾಪೆಯ ಮೇಲೆ ಮಗ್ಗುಲಾಗಿ ನಿದ್ದೆ ಹೋದಳು.

ಫಣಿ ಒಳಗೆ ಬಂದವನು ಮಲಗಿದ ತಾಯಿಯನ್ನು ಕಂಡು ಬೆರಗಾದ. "ಅಷ್ಟೊತ್ತು ಏನು ಹೇಳಿದಳು ಮಾವಯ್ಯಾ? ಆಡಿಯೋದಲ್ಲಿ ಇಲ್ಲದ್ದು ಏನಾದರೂ?"

"ಅದರಾಗ ಇದ್ದದ್ದನ್ನ ಹೇಳಿದಳಪಾ," ಎಂದರು ರಾಯರು, ಅವನ ಮುಖ ನೋಡದೆ. ದೇವರ ನಾಮ ತಪ್ಪಿಸದ ನಾಲಿಗೆ ಆ ಸುಳ್ಳಿಗೆ ತಡವರಿಸಲಿಲ್ಲ. "ಒಂದು ಮಾಡು. ಫೋನು ಅತ್ಲಾಗ ಇಟ್ಟು ಇಲ್ಲೇ ಹಂತೇಕ ಕೂಡು. ಅಕಿ ಕರದ್ರ ನಿನಗ ಕೇಳಸಬೇಕು."

ಫಣಿ ಫೋನನ್ನು ಅತ್ತ ಇಟ್ಟು, ತಾಯಿಯ ಕಾಲ ಬಳಿ ಕೂತ. ರಾಯರು ಹೋಗಿ ಬರುತ್ತೇನೆ ಎನ್ನದೆ ಹೊರಬಿದ್ದರು.

ಸಾವಿನ ಮನೆಯಿಂದ ಬಂದವರು ದುರ್ಗೆಯ ಗುಡಿಯಿರುವ ಬೆಟ್ಟ ಹತ್ತಬಾರದು. ಈಗ ತಾನೆ ಜ್ವರದಿಂದ ಎದ್ದ ಮೈ ಎಂದು ನೋಡದೆ ರಾಯರು ಕೃಷ್ಣೆಯಲ್ಲಿ ಮುಳುಗೆದ್ದು, ಒದ್ದೆ ಪಂಚೆಯಲ್ಲೇ ಆ ಬೆಟ್ಟ, ಇಂದ್ರಕೀಲಾದ್ರಿಯ ಕಡೆ ಮುಖಮಾಡಿ ಕೈಮುಗಿದರು.

"ತಾಯಿ ದುರ್ಗೆ, ಅವರು ಚಾಚಿದ ಕೈ ತೆರೆದೇ ಉಳಿದಿದೆ. ಇನ್ನು ಮುಂದೆ ನೀನು ಹಿಡಿದುಕೊಂಡು ನಡೆಸು. ಅವರು ಕರೆದಾಗ ಓಗೊಡು. ಆ ಜೀವಕ್ಕೆ ಶಾಂತಿ ಕೊಡು."