ತಾತನ ತಟ್ಟೆಗೆ ಪಲ್ಯ

"ಸೊಪ್ಪು ಸದೆ ತಿನ್ನೋಕೆ ನಾನೇನು ದನಾನಾ?" ಎಂದು ಏಳು ವರ್ಷದ ಲಿಖಿತ್ ಹುರುಳಿಕಾಯಿ ಪಲ್ಯವನ್ನು ತಟ್ಟೆಯಂಚಿಗೆ ತಳ್ಳಿದ. ಪಕ್ಕದಲ್ಲಿ ಮುದ್ದೆ ಮುರಿಯುತ್ತಿದ್ದ ತಾತ ದೊಡ್ಡಬೈರಪ್ಪ ಹೊಟ್ಟೆ ಕುಲುಕಿಸಿಕೊಂಡು ನಕ್ಕರು. ಮಾತು ಅವರದ್ದೇ. ಶೇಷಾದ್ರಿಪುರಂನ ಆ ಮನೆಯಲ್ಲಿ ಅವರ ತಟ್ಟೆಗೆ ಪಲ್ಯ ಬಿದ್ದಿದ್ದನ್ನು ಯಾರೂ ಕಂಡವರಿಲ್ಲ.

ಲಿಖಿತನ ತಾಯಿ ಹೇಮಶ್ರೀ ನಗಲಿಲ್ಲ. ಅಂದು ಬೆಳಿಗ್ಗೆಯೂ ಮಗ ಬಚ್ಚಲುಮನೆಯಲ್ಲಿ ಕುಳಿತು ಅತ್ತಿದ್ದ. ಮಲ ಕಲ್ಲಿನಂತೆ ಗಟ್ಟಿಯಾಗಿ ರಕ್ತ ಬಂದಿತ್ತು. ಅವಳು ಆಫೀಸಿಗೆ ರಜ ಹಾಕಿ ಕುಮಾರ ಪಾರ್ಕಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. "ಔಷಧಿ ಬರ್ಕೊಡ್ತೀನಿ. ಆದ್ರೆ ತರಕಾರಿ, ಹಣ್ಣು ತಿನ್ನದಿದ್ರೆ ಇದು ಮತ್ತೆ ಮತ್ತೆ ಬರುತ್ತೆ" ಎಂದಿದ್ದರು ಡಾಕ್ಟರು. ಅವಳು ಮಾಡದ ಉಪಾಯವಿಲ್ಲ. ಕ್ಯಾರೆಟ್ಟನ್ನು ನಕ್ಷತ್ರದ ಹಾಗೆ ಕತ್ತರಿಸಿದ್ದಳು, ಪಾಲಕ್ಕನ್ನು ಚಪಾತಿ ಹಿಟ್ಟಿನಲ್ಲಿ ಅಡಗಿಸಿದ್ದಳು. ಹುಡುಗ ಎಲ್ಲವನ್ನೂ ಪತ್ತೆ ಹಚ್ಚಿದ್ದ.

"ಮಾವ, ಒಂದು ಮಾತು" ಎಂದಳು.

ಬಡಿಸುತ್ತಿದ್ದ ಅತ್ತೆ ಮುನಿಯಕ್ಕನ ಕೈ ನಿಂತಿತು. ಗಂಡ ಗೌರೀಶ್ ತಟ್ಟೆಯಿಂದ ತಲೆ ಎತ್ತಲಿಲ್ಲ. ಊಟಕ್ಕೆ ಕೂತ ದೊಡ್ಡಬೈರಪ್ಪನವರಿಗೆ ಎದುರಾಡುವವರು ಆ ಮನೆಯಲ್ಲಿ ಇರಲಿಲ್ಲ.

"ನಾನು ಹೇಳೋದು ಅವನ ಕಿವಿಗೆ ಹೋಗಲ್ಲ. ಅವನು ನಿಮ್ಮ ತಟ್ಟೆ ನೋಡ್ತಾನೆ. ನೀವು ತಿಂದ್ರೆ ಅವನೂ ತಿಂತಾನೆ."

"ಈ ವಯಸ್ಸಲ್ಲಿ ನನಗೆ ಊಟ ಮಾಡೋದು ಕಲಿಸ್ತೀಯೇನಮ್ಮ?"

"ಕಲಿಸ್ತಿಲ್ಲ ಮಾವ. ನನ್ನ ಕೈಲಿ ಆಗ್ತಿಲ್ಲ, ನಿಮ್ಮ ಕೈಲಿ ಆಗುತ್ತೆ. ಅದಕ್ಕೆ ಕೇಳ್ತಿದೀನಿ."

ದೊಡ್ಡಬೈರಪ್ಪ ಅರ್ಧ ಮುದ್ದೆ ಬಿಟ್ಟು ಎದ್ದು ಕೈ ತೊಳೆದರು. ಅಡುಗೆಮನೆಯಲ್ಲಿ ಮುನಿಯಕ್ಕ ಪಿಸುಗುಟ್ಟಿದರು, "ಉಣ್ಣೋ ಮನುಷ್ಯನ್ನ ಎಬ್ಬಿಸಿಬಿಟ್ಟೆಯಲ್ಲೇ."

"ಎದ್ದು ಹೋಗಿದ್ದಕ್ಕೆ ನನಗೂ ಬೇಜಾರಿದೆ ಅತ್ತೆ. ಹೇಳಿದ್ದಕ್ಕಿಲ್ಲ" ಎಂದಳು ಹೇಮಶ್ರೀ.

ಮಾರನೆಯ ದಿನ ಭಾನುವಾರ. ಬೆಳಿಗ್ಗೆ ಮತ್ತೆ ಬಚ್ಚಲುಮನೆಯಿಂದ ಅಳು. ಹಜಾರದಲ್ಲಿ ಪೇಪರ್ ಓದುತ್ತಿದ್ದ ದೊಡ್ಡಬೈರಪ್ಪ, ಅಳು ಕೇಳಿಸದಿರಲೆಂದು ದಿನವೂ ಟಿ.ವಿ. ಸದ್ದು ಜೋರು ಮಾಡುವವರು, ಅಂದು ಮಾಡಲಿಲ್ಲ. ಎದ್ದು ಹೋಗಿ ಬಾಗಿಲ ಹೊರಗೆ ನಿಂತರು.

"ಆಯ್ತೇನಪ್ಪಾ?"

"ಇಲ್ಲ ತಾತ. ತುಂಬಾ ನೋಯ್ತಿದೆ."

ಅವರು ಮೊಮ್ಮಗ ಹೊರಗೆ ಬರುವವರೆಗೂ ಬಾಗಿಲ ಮೇಲೆ ಅಂಗೈ ಊರಿಕೊಂಡು ಅಲ್ಲೇ ನಿಂತಿದ್ದರು.

ಮಧ್ಯಾಹ್ನ ಊಟಕ್ಕೆ ಕೂತವರೇ, "ಪಲ್ಯ ಹಾಕು" ಎಂದರು. ಮುನಿಯಕ್ಕ ಅನುಮಾನದಲ್ಲಿ ಚಿಟಿಕೆಯಷ್ಟು ಹಾಕಿದರು. "ಹಾಕೋದಾದ್ರೆ ಸರಿಯಾಗಿ ಹಾಕು."

ಲಿಖಿತ್ ತುತ್ತು ಕೈಯಲ್ಲಿ ಹಿಡಿದು ತಾತನ ಬಾಯನ್ನೇ ನೋಡತೊಡಗಿದ. ದೊಡ್ಡಬೈರಪ್ಪ ಗೋರಿಕಾಯಿ ಪಲ್ಯ ಬಾಯಿಗಿಟ್ಟು ಅಗಿದರು. ಮುಖ ಕಿವುಚಿಕೊಂಡಿತು. ನೀರು ಕುಡಿದು ನುಂಗಿದರು.

"ಹೆಂಗಿದೆ ತಾತ?"

"ಚೆನ್ನಾಗಿಲ್ಲ ಕಣೋ."

ಹೇಮಶ್ರೀ ಕಣ್ಣು ಮುಚ್ಚಿಕೊಂಡಳು. ಮುಗಿಯಿತು ಎನಿಸಿತು.

"ಮತ್ಯಾಕೆ ತಿಂತಿದೀಯಾ?"

"ನೀನೊಬ್ಬನೇ ಕಷ್ಟಪಡಬೇಕಲ್ಲ ಅಂತ. ಇರು, ಕೊಬ್ಬರಿ ಜಾಸ್ತಿ ಇರೋ ಕಡೆ ನೋಡ್ತೀನಿ." ಎರಡನೆಯ ತುತ್ತು ಹೋಯಿತು. "ಇದು ಪರವಾಗಿಲ್ಲ."

ಇಷ್ಟು ದಿನ ಎಲ್ಲರೂ ಅವನಿಗೆ ಸೂಪರ್, ಸೂಪರ್ ಎಂದೇ ಹೇಳಿದ್ದರು. ಚೆನ್ನಾಗಿಲ್ಲ ಎಂದು ಒಪ್ಪಿಕೊಂಡು ತಿನ್ನುವವರನ್ನು ಲಿಖಿತ್ ನೋಡಿದ್ದು ಇದೇ ಮೊದಲು. ತನ್ನ ತಟ್ಟೆಯಂಚಿನಿಂದ ಒಂದೇ ಒಂದು ಚೂರು ಎತ್ತಿ ಬಾಯಿಗೆ ಹಾಕಿಕೊಂಡ. ತಾತನಂತೆಯೇ ಮುಖ ಕಿವುಚಿದ. "ನನಗೂ ಚೆನ್ನಾಗಿಲ್ಲ" ಎಂದ, ಬಹಳ ಸಂತೋಷದಿಂದ. ಆಮೇಲೆ ಕೊಬ್ಬರಿ ಇರುವ ಕಡೆ ಹುಡುಕತೊಡಗಿದ.

ಅಂದಿನಿಂದ ತಾತ, ಮೊಮ್ಮಗ ಸಂಜೆ ಹೊತ್ತು ಮಲ್ಲೇಶ್ವರದ ಮಾರ್ಕೆಟ್ಟಿಗೆ ಹೋಗುವುದು ರೂಢಿಯಾಯಿತು. ಆರಿಸುವುದು ಲಿಖಿತನ ಕೆಲಸ, ಚೀಲ ಹಿಡಿಯುವುದು ತಾತನ ಕೆಲಸ. ಮನೆಗೆ ಬಂದು ತಿಂದ ಮೇಲೆ ಇಬ್ಬರೂ ತೀರ್ಪು ಕೊಡುತ್ತಿದ್ದರು. ಹಾಗಲಕಾಯಿ ಫೇಲ್. ಬೀಟ್‌ರೂಟ್ ಜಸ್ಟ್ ಪಾಸ್. ಉಪ್ಪು ಖಾರ ಹಚ್ಚಿದ ಸೀಬೆಕಾಯಿಗೆ ಫಸ್ಟ್ ಕ್ಲಾಸ್. ಅದನ್ನು ದಾರಿಯಲ್ಲೇ ಮುಗಿಸಿ ಬರುತ್ತಿದ್ದರು. ಬೆಂಡೆಕಾಯಿಯ ವಿಷಯದಲ್ಲಿ ಮಾತ್ರ ಇಬ್ಬರಿಗೂ ಜಗಳ. ಬೆಳಗಿನ ಅಳು ಮೆಲ್ಲಗೆ ಕಡಿಮೆಯಾಗುತ್ತಾ ಬಂದು, ಒಂದು ವಾರದಿಂದ ಕೇಳಿಸಿಯೇ ಇಲ್ಲ ಎಂಬುದು ಹೇಮಶ್ರೀಗೆ ಆಫೀಸಿನಲ್ಲಿ ಕುಳಿತಿದ್ದಾಗ ಹೊಳೆಯಿತು.

ಆ ದಿನ ಗಂಡಸರ ಊಟ ಮುಗಿದ ಮೇಲೆ ಅತ್ತೆ ಸೊಸೆ ತಟ್ಟೆ ಹಾಕಿಕೊಂಡು ಕೂತರು. ಹೇಮಶ್ರೀ ಸಿಹಿಗುಂಬಳದ ಪಲ್ಯದ ಪಾತ್ರೆಯ ಮುಚ್ಚಳ ತೆಗೆದಳು. ತಳದಲ್ಲಿ ಒಂದೆರಡು ಸಾಸಿವೆ ಕಾಳು ಬಿಟ್ಟರೆ ಏನೂ ಇರಲಿಲ್ಲ.

ಮುನಿಯಕ್ಕ ಪಾತ್ರೆಯನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದರು.

"ಮದುವೆಯಾಗಿ ಬಂದಾಗಿನಿಂದ ಇವರು ಬಿಟ್ಟಿದ್ದ ಪಲ್ಯ ತಿಂದು ತಿಂದು ಸಾಕಾಗಿತ್ತು ಕಣಮ್ಮ. ಇವತ್ತು ನನಗೇ ಇಲ್ಲ" ಎಂದರು. ಬರೀ ಸಾರಿಗೆ ಮುದ್ದೆ ಅದ್ದಿಕೊಂಡು, ಇನ್ನೊಂದು ತುತ್ತು ಜಾಸ್ತಿಯೇ ಉಂಡರು.