ಆ ಕಾಲದ ಎಂಜಿನ್

"ಸಿಕ್ತು ಕಣಮ್ಮಾ!" ಎನ್ನುತ್ತ ಮಗ ಊಟದ ಮೇಜಿನ ಮೇಲಿದ್ದ ಮರದ ವಿಮಾನವನ್ನು ಎತ್ತಿ ಹಿಡಿದ. ಎಂಜಿನ್ನಿಗೆ ಬಲ ಸಾಲದೆ ಅಪ್ಪನೊಂದಿಗೆ ಗುಡ್ಡಕ್ಕೆ ಬಡಿದ ವಿಮಾನದ ಮಾದರಿ ಅದು. ಆ ವಿಮಾನಕ್ಕೆ ಹೊಂದಬಹುದಾಗಿದ್ದ ಬೇರೆ ಜೆಟ್ ಎಂಜಿನ್ನನ್ನು ಹಳೇ ದಾಖಲೆಗಳಲ್ಲಿ ಹುಡುಕುವುದು ಅವನ ಹಳೇ ಹುಚ್ಚು. ಷರತ್ತು ಒಂದೇ: ಎಂಜಿನ್ ಆ ಕಾಲದ್ದೇ ಆಗಿರಬೇಕು. ಇಲ್ಲದಿದ್ದರೆ ಮೋಸವಂತೆ.

"ಅಪ್ಪ ಹೋಗೋಕೆ ಮುಂಚೆನೇ ಈ ಎಂಜಿನ್ ಬಂದಿತ್ತು. ತೂಕ, ಅಳತೆ ಎಲ್ಲ ಹೇಳಿ ಮಾಡಿಸಿದ ಹಾಗಿದೆ."

ಅಮ್ಮ ಕಾಫಿ ಲೋಟ ಕೆಳಗಿಟ್ಟಳು. ಅಪ್ಪನ ವಿಮಾನದಲ್ಲಿದ್ದುದಕ್ಕಿಂತ ಒಳ್ಳೆಯ ಎಂಜಿನ್ ಆಗ ಎಲ್ಲೂ ಇರಲಿಲ್ಲ ಎಂದು ಅಪಘಾತದ ನಂತರ ಮನೆಗೆ ಬಂದ ಅಧಿಕಾರಿಗಳು ಹೇಳಿದ್ದರು. ಆ ಒಂದು ಮಾತಿನ ಮೇಲೆ ಅವಳು ಇಷ್ಟು ವರ್ಷ ಜೀವ ಹಿಡಿದುಕೊಂಡಿದ್ದಳು.

"ಇದಿದ್ದಿದ್ರೆ ಗುಡ್ಡ ದಾಟ್ತಿತ್ತಾ?"

"ಆರಾಮಾಗಿ..." ಎಂದವನು ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. "ಬಿಡಮ್ಮ, ಇದೆಲ್ಲ ಬರೀ ಲೆಕ್ಕ." ವಿಮಾನವನ್ನು ಡಬ್ಬಿಯೊಳಗೆ ಇಡಹೋದ.

ಅಮ್ಮ ಅವನ ಮಣಿಕಟ್ಟು ಹಿಡಿದಳು. "ಒಳಗಿಡಬೇಡ. ದಾಟ್ತಿತ್ತು ಅಂದ್ಯಲ್ಲ, ಇಳಿಸು. ಒಂದ್ಸಲ ನೋಡ್ತೀನಿ."

ಮಗ ವಿಮಾನವನ್ನು ಮೆಲ್ಲಗೆ ಕೆಳಗಿಳಿಸತೊಡಗಿದ. ಪುಟ್ಟ ಗಾಲಿಗಳು ಮೇಜು ಮುಟ್ಟುವ ಮುಂಚೆ ಅವಳು ತನ್ನ ಲೋಟ ಪಕ್ಕಕ್ಕೆ ಸರಿಸಿ, ಅಂಗೈಯಿಂದ ಮೇಜು ಒರೆಸಿ, ದಾರಿ ಬಿಟ್ಟಳು.